ಬಿಸಿಯೇರುವ ನೀರು, ಸೂಕ್ಷ್ಮಪ್ಲಾಸ್ಟಿಕ್ ಮತ್ತು ಜಲಸಸ್ಯ

ಒಂದು ವಸ್ತು ಎಷ್ಟು ವಿಷಕಾರಿ ಎಂಬುದನ್ನು ಆ ವಸ್ತುವೊಂದನ್ನೇ ನೋಡಿ ನಿರ್ಣಯಿಸಬಹುದೆಂಬ ನಂಬಿಕೆ, ಸೂಕ್ಷ್ಮಪ್ಲಾಸ್ಟಿಕ್ಕಿಗೂ ಜಲಸಸ್ಯಗಳಿಗೂ ಇರುವ ಸಂಬಂಧವನ್ನು ಪರಿಶೀಲಿಸಿದಾಗ ಸಡಿಲಗೊಳ್ಳುತ್ತದೆ. 5 ಮಿಲಿಮೀಟರಿಗಿಂತ ಚಿಕ್ಕದಾದ ಪ್ಲಾಸ್ಟಿಕ್ ಚೂರುಗಳಿಗೆ ಇಂದು ಸಲ್ಲುವ ಈ ಹೆಸರು, ಬ್ರಿಟನ್ನಿನ ರಿಚರ್ಡ್ ಥಾಂಪ್ಸನ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಲೇಖನದ ತರುವಾಯ ರೂಢಿಗೆ ಬಂದಿತು. ಆಮೇಲಿನ ವರ್ಷಗಳಲ್ಲಿ ಜಲಚರಗಳ ಬಗ್ಗೆ ನಡೆದಷ್ಟು ಅಧ್ಯಯನ, ಅವುಗಳಿಗೆ ಆಹಾರವನ್ನೂ ಆಮ್ಲಜನಕವನ್ನೂ ಒದಗಿಸುವ ಸಸ್ಯಗಳ ಬಗ್ಗೆ ನಡೆಯಲಿಲ್ಲವೆಂಬುದು ವಿಷಾದದ ಸಂಗತಿ.

ಇಂಥ ಪ್ರಯೋಗಗಳಿಗೆ ಹೆಚ್ಚಾಗಿ ಆರಿಸಿಕೊಳ್ಳುವುದು ಲೆಮ್ನಾ ಎಂಬ ಪುಟ್ಟ ಸಸ್ಯವನ್ನು. ಅದು ನಿಂತ ನೀರಿನ ಮೇಲೆ ಹಸಿರು ಕಾಳುಗಳಂತೆ ಹರಡಿ, ಒಂದೊಂದು ಎಲೆಯ ಅಡಿಗೂ ಒಂದೇ ಬೇರನ್ನು ಇಳಿಬಿಟ್ಟಿರುತ್ತದೆ. ಸೌಂದರ್ಯವರ್ಧಕಗಳಿಂದ ಬೇರ್ಪಡಿಸಿದ ಪಾಲಿಎಥಿಲೀನ್ ಕಣಗಳನ್ನು ಇದರ ಮೇಲೆ ಪರೀಕ್ಷಿಸಿದ, 2017ರಲ್ಲಿ ಪ್ರಕಟವಾದ ಸ್ಲೊವೇನಿಯಾದ ಅಧ್ಯಯನವೊಂದರಲ್ಲಿ ಎಲೆಯ ಬೆಳವಣಿಗೆಯೂ ಹಸಿರು ವರ್ಣದ್ರವ್ಯವೂ ಕುಗ್ಗಲಿಲ್ಲ; ಕುಗ್ಗಿದ್ದು ಬೇರು, ಅದರಲ್ಲೂ ಚೂಪಾದ ಕಣಗಳು ತಾಗಿದಲ್ಲಿ ಬೇರಿನ ಜೀವಕೋಶಗಳೂ ನಲುಗಿದ್ದವು. ಮೇಲಿನಿಂದ ನೋಡುವ ಕಣ್ಣಿಗೆ ಗಿಡ ಹಸಿರಾಗಿಯೇ ಕಾಣುವುದರಿಂದ ಇಂಥ ಹಾನಿ ಸುಲಭವಾಗಿ ಗಮನ ತಪ್ಪಿಸಿಕೊಳ್ಳುತ್ತದೆ.

ಇದಕ್ಕೆ ಉಷ್ಣತೆ ಸೇರಿದಾಗ ಲೆಕ್ಕ ಬದಲಾಗುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಸಸ್ಯದ ಉಸಿರಾಟ ಸುಮಾರು ಇಮ್ಮಡಿಯಾಗುತ್ತದೆ, ಆದರೆ ದ್ಯುತಿಸಂಶ್ಲೇಷಣೆ, ಅಂದರೆ ಬೆಳಕಿನಿಂದ ಆಹಾರ ತಯಾರಿಸುವ ಕ್ರಿಯೆ, ಒಂದು ಮಿತಿಯ ನಂತರ ಏರದೆ ಇಳಿಯತೊಡಗುವುದರಿಂದ, ಗಾಯವನ್ನು ಸರಿಪಡಿಸಿಕೊಳ್ಳಲು ಬೇಕಾದ ಮಿಗುತೆಯೇ ಗಿಡದಲ್ಲಿ ಉಳಿಯುವುದಿಲ್ಲ. ಅತಿಯಾದ ಶಾಖವೂ ಪ್ಲಾಸ್ಟಿಕ್ ಕಣಗಳೂ ಜೀವಕೋಶದೊಳಗೆ ಆಮ್ಲಜನಕದ ಅತಿಕ್ರಿಯಾಶೀಲ ರೂಪಗಳನ್ನು ಹೆಚ್ಚಿಸಬಲ್ಲವು. ಎರಡನ್ನೂ ತಡೆಯಬೇಕಾದದ್ದು ಕ್ಯಾಟಲೇಸ್ ಮೊದಲಾದ ಅದೇ ಕಿಣ್ವಗಳು. ಪ್ಲಾಸ್ಟಿಕ್ಕಿಗೆ ಬೆರೆಸಿರುವ ರಾಸಾಯನಿಕಗಳು ಬಿಸಿನೀರಿನಲ್ಲಿ ಬೇಗ ಹೊರಸೋರುವುದು ಇದರ ಮೇಲಿನ ಹೊರೆ.

ಪ್ರಯೋಗಾಲಯದಲ್ಲಿ ಬಳಸುವ ಕಣಗಳ ಪ್ರಮಾಣ ಕೆರೆಗಳಲ್ಲಿರುವುದಕ್ಕಿಂತ ಎಷ್ಟೋ ಹೆಚ್ಚು ಎಂಬ ಆಕ್ಷೇಪ ನ್ಯಾಯವಾದದ್ದೇ, ತಂಪು ಪ್ರದೇಶಗಳಲ್ಲಿ ತುಸು ಬೆಚ್ಚಗಾದ ನೀರು ಲೆಮ್ನಾದ ಬೆಳವಣಿಗೆಗೆ ನೆರವಾಗುವುದೂ ನಿಜ. ಆದರೆ ಲೆಮ್ನಾ ಪರೀಕ್ಷೆಯ ಅಂತರರಾಷ್ಟ್ರೀಯ ಮಾರ್ಗಸೂಚಿ ವಿಧಿಸುವುದು ಸುಮಾರು 24 ಡಿಗ್ರಿ ಸೆಲ್ಸಿಯಸ್‌ನ ಏಳು ದಿನಗಳನ್ನು. ದಖ್ಖನ್ನಿನ ಕೆರೆಗಳ ಮೇಲ್ಪದರವಾದರೋ ಬೇಸಿಗೆಯಲ್ಲಿ 30 ಡಿಗ್ರಿಯನ್ನು ದಾಟುತ್ತದೆ, ಆಗ ನೀರು ಬತ್ತಿ ಕಣಗಳೂ ದಟ್ಟವಾಗುತ್ತವೆ. ತಂಪು ನೀರಿನಲ್ಲಿ ಒಂದೇ ವಾರ ನಡೆದ ಪರೀಕ್ಷೆಯ ಫಲಿತಾಂಶವನ್ನು ಇಂಥ ಕೆರೆಗಳ ಸುರಕ್ಷತೆಯ ಮಿತಿಯೆಂದು ಒಪ್ಪಲಾಗದು. ಆ ಮಿತಿಯನ್ನು ಅವುಗಳ ಬೇಸಿಗೆಯ ನೀರಿನಲ್ಲೇ, ಅಲ್ಲಿಯ ಸಸ್ಯಗಳ ಮೇಲೆಯೇ ಅಳೆಯಬೇಕು.