ಮೊದಲು ಕಾಯಿಲ್, ಆಮೇಲೆ ಬೋರ್ಡ್

ನಮ್ಮ ಕಡೆ ಮಿನಿ ಪ್ರಾಜೆಕ್ಟ್‌ಗೆ ಇಸಿಯು ಮಾಡ್ತೀವಿ ಅನ್ನೋರು ಹೆಚ್ಚಾಗಿ ಸ್ಪೀಡುಯಿನೋ ಹಿಡೀತಾರೆ. ಓಪನ್ ಸೋರ್ಸ್, ಆರ್ಡುಯಿನೋ ಮೆಗಾ 2560 ಮೇಲೆ ನಡೀತದ, ಒಳ್ಳೇದೇ. ಆದರೆ ದುಡ್ಡೆಲ್ಲ ಬೋರ್ಡು, ಸೆನ್ಸರ್‌ಗೆ ಹಾಕಿ, ಇಗ್ನಿಷನ್‌ಗೆ ಬಂದಾಗ "ಲ್ಯಾಬ್‌ನಾಗ ಇರೋ ಮಾಸ್‌ಫೆಟ್ ಸಾಕು ಬಿಡ್ರಿ" ಅನ್ನೋದನ್ನ ನಾನು ಒಪ್ಪೋದಿಲ್ಲ.

ಲೆಕ್ಕ ನೋಡ್ರಿ. ಆರ್ಡುಯಿನೋ ಪಿನ್ ಕೊಡೋದು ಹೆಚ್ಚಂದ್ರೆ 40 ಮಿಲಿ ಆಂಪಿಯರ್. ಕಾಯಿಲ್‌ಗೆ ಬೇಕಾಗೋದು ಸುಮಾರು 6 ಆಂಪಿಯರ್. ನಡುವೆ ಒಂದು ಸ್ವಿಚ್ ಬೇಕೇ ಬೇಕು. ಕರೆಂಟ್ ಕಡಿದ ಕೂಡಲೇ ಪ್ರೈಮರಿಯಲ್ಲೇ 300 ವೋಲ್ಟ್ ದಾಟಬಹುದು. ಐಆರ್‌ಎಫ್‌ಝಡ್44ಎನ್ ತಡೆಯೋದು 55 ವೋಲ್ಟ್ ಮಾತ್ರ! ಇಗ್ನಿಷನ್‌ಗೆಂದೇ ಮಾಡಿದ ಐಎಸ್‌ಎಲ್9ವಿ3040ನಂಥ ಐಜಿಬಿಟಿ ಸುಮಾರು 400 ವೋಲ್ಟ್‌ಗೆ ತಾನೇ ಕ್ಲ್ಯಾಂಪ್ ಮಾಡ್ತದ.

ಇನ್ನು ಡ್ವೆಲ್. ಕಾಯಿಲ್ 4 ಮಿಲಿಹೆನ್ರಿ, 0.6 ಓಮ್ ಇದೆ ಅಂತ ಹಿಡೀರಿ. 12 ವೋಲ್ಟ್‌ನಲ್ಲಿ 6 ಆಂಪಿಯರ್ ಮುಟ್ಟೋಕೆ ಸುಮಾರು 2.4 ಮಿಲಿಸೆಕೆಂಡ್. ಸ್ಟಾರ್ಟ್ ಮಾಡುವಾಗ ಬ್ಯಾಟರಿ 9 ವೋಲ್ಟ್‌ಗೆ ಇಳಿದರೆ ಸುಮಾರು 3.4. ಕೋಡ್ ಸಿಕ್ಕಿಕೊಂಡು ಸಿಗ್ನಲ್ ಆನ್ ಆಗೇ ಉಳಿದರೆ 20 ಆಂಪಿಯರ್ ತನಕ ಏರ್ತದ, ಕಾಯಿಲ್ ಸುಟ್ಟ ಹಾಗೇ. ಅದಕ್ಕೇ ಕಾಯಿಲ್ ಗೊತ್ತಾಗದೆ ಡ್ರೈವರ್ ಆರಿಸೋಕೆ ಬರೋದಿಲ್ಲ. ಗುಜರಿಯಲ್ಲಿ ಸಿಗೋ ಹಳೇ ಬೈಕಿನ ಸಿಡಿಐ ಕಾಯಿಲ್ ಅಂತೂ ಇಲ್ಲಿ ನಡೆಯೋದಿಲ್ಲ. ಅದು ಕೆಪ್ಯಾಸಿಟರ್‌ನಿಂದ ಬರೋ ನೂರಾರು ವೋಲ್ಟ್‌ಗೆ ಮಾಡಿದ್ದು.

ನನ್ನ ಆಯ್ಕೆ: ಇಗ್ನೈಟರ್ ಒಳಗೇ ಇರೋ ಕಾಯಿಲ್. ಬೋರ್ಡಿನಿಂದ 5 ವೋಲ್ಟ್ ಸಿಗ್ನಲ್ ಕೊಟ್ಟರೆ ಸಾಕು. ಕೊಳ್ಳೋ ಮುಂಚೆ ಡೇಟಾಶೀಟ್ ನೋಡ್ರಿ. "ನಾವೇ ಡ್ರೈವರ್ ಮಾಡಿದ್ರೆ ಕಲೀತೀವಲ್ಲ?" ಅಂತ ಕೇಳ್ತೀರಿ. ಖಂಡಿತ ಮಾಡ್ರಿ, ಆದರೆ ಇಸಿಯು ಡಬ್ಬಿಯ ಹೊರಗೆ, ಹೀಟ್‌ಸಿಂಕ್ ಮೇಲೆ. ಬ್ಯಾಸಗಿಯಾಗ ರಾಯಚೂರು 40 ಡಿಗ್ರಿ ದಾಟ್ತದ. ಮುಚ್ಚಿದ ಡಬ್ಬಿಯೊಳಗೆ ಬಿಸಿ, ನಾಯ್ಸ್ ಎರಡೂ ಮೈಕ್ರೋಕಂಟ್ರೋಲರ್ ಪಕ್ಕದಲ್ಲೇ ಯಾಕ ಬೇಕು? ಪ್ಲಗ್ ಕೂಡ ರೆಸಿಸ್ಟರ್ ಇರೋದೇ ಹಾಕ್ರಿ, ಇಲ್ಲಾಂದ್ರೆ ಬೋರ್ಡ್ ಸುಮ್ಸುಮ್ನೆ ರೀಸೆಟ್ ಆಗಬಹುದು.

ಇದು ಬರೀ ಮಾರ್ಕ್ಸ್ ಮಾತಲ್ಲ. 2020ರ ಏಪ್ರಿಲ್ 1ರಿಂದ ಬಿಎಸ್6 ಬಂದಮೇಲೆ ಹೊಸ ಬೈಕುಗಳೆಲ್ಲ ಹೆಚ್ಚುಕಮ್ಮಿ ಫ್ಯುಯೆಲ್ ಇಂಜೆಕ್ಷನ್. ದೇವದುರ್ಗ, ಮಾನ್ವಿಯಂಥ ಊರುಗಳಲ್ಲಿ ಕಾರ್ಬುರೇಟರ್ ಕಿವಿಯಿಂದಲೇ ಸೆಟ್ ಮಾಡೋ ಮೇಸ್ತ್ರಿಗಳಿಗೆ ಇಸಿಯು ಅಂದ್ರೆ ಮುಚ್ಚಿದ ಡಬ್ಬಿ. ರೋಡಿನ ಬೈಕಿಗೆ ನಮ್ಮ ಬೋರ್ಡ್ ಹಾಕೋದು ಬ್ಯಾಡ. ಆದರೆ ಟೆಸ್ಟ್ ಬೆಂಚ್ ಮೇಲೆ ಸರಿಯಾಗಿ ಕಿಡಿ ಹಾರೋ ಒಂದು ಸೆಟಪ್ ಇದ್ರೆ, ಅದನ್ನ ಅವರ ಮುಂದೆ ಬಿಚ್ಚಿಟ್ಟು ಕನ್ನಡದಾಗೇ ವಿವರಿಸಬಹುದು. ನಮ್ಮ ಕ್ಲಬ್‌ಗೆ ಇದಕ್ಕಿಂತ ಒಳ್ಳೇ ಪ್ರಾಜೆಕ್ಟ್ ಯಾವುದದ?