ಆ ಚಿತ್ರ ಯಾವ ಹೊತ್ತಿನದು?



ಮೊದಲು ನನ್ನದೇ ಒಂದು ತಪ್ಪು ಹೇಳ್ತೀನಿ, ಆಮೇಲೆ ವಿಮಾನದ ಮಾತು.

ಕೆಲವು ವರ್ಷಗಳ ಹಿಂದಿನ ಏಪ್ರಿಲ್ ತಿಂಗಳು. ನಮ್ಮ ನೆರೆಮನೆಯ ಕಾಕಾ ಶೆಡ್ಡಿನಲ್ಲಿ ಒಣಗಿಸಿದ ದ್ರಾಕ್ಷಿಯನ್ನು ಕೊನೆಯ ಬಿಸಿಲಿಗೆಂದು ತಾಡಪತ್ರಿಯ ಮೇಲೆ ಹರವಿದ್ದರು. ಮಧ್ಯಾಹ್ನದ ಹೊತ್ತಿಗೆ ಮೂಡಣ ದಿಕ್ಕಿನ ಮುಗಿಲು ಕಪ್ಪಾಯಿತು. “ಮಾಸ್ತರ, ಮಳಿ ಬರ್ತೈತೇನು? ಮೊಬೈಲ್‌ನ್ಯಾಗ ನೋಡಿ ಹೇಳ್ರಿ” ಅಂದರು. ನಾನು ನೋಡಿದೆ. ನಕ್ಷೆಯ ಮೇಲೆ ಕೆಂಪು ಬಣ್ಣದ ಮೋಡ ನಮ್ಮೂರಿನಿಂದ 30 ಕಿ.ಮೀ. ದೂರ ಇತ್ತು. ಅದು ಸಾಗುವ ವೇಗ ತಾಸಿಗೆ ಸುಮಾರು 40 ಕಿ.ಮೀ. ಲೆಕ್ಕ ಸುಲಭ, ಮುಕ್ಕಾಲು ತಾಸು. “ಇನ್ನೂ ಹೊತ್ತೈತಿ ಕಾಕಾ, ನಿಶ್ಚಿಂತಿಯಿಂದ ಊಟ ಮಾಡಿ ಬರ್ರಿ” ಅಂದೆ.

ಕಾಲು ತಾಸಿನಲ್ಲಿ ಗಾಳಿ ಎದ್ದಿತು, ಹಿಂದೆಯೇ ಮಳೆ. ಅರ್ಧ ಮಾಲು ನೆನೆದುಹೋಯಿತು. ಆಮೇಲೆ ಮೊಬೈಲ್ ತೆಗೆದು ನೋಡಿದರೆ, ಚಿತ್ರದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಹೊತ್ತು ಬರೆದಿತ್ತು. ನಾನು ನೋಡಿದಾಗಲೇ ಆ ಚಿತ್ರಕ್ಕೆ ಅರ್ಧ ತಾಸು ವಯಸ್ಸಾಗಿತ್ತು. ಅಷ್ಟರಲ್ಲಿ ಮೋಡ 20 ಕಿ.ಮೀ. ಮುಂದೆ ಬಂದಿತ್ತು. ಅದು 30 ಕಿ.ಮೀ. ದೂರದಲ್ಲಿ ಇರಲೇ ಇಲ್ಲ, 10 ಕಿ.ಮೀ. ದೂರದಲ್ಲಿತ್ತು. ನನ್ನ ಭಾಗಾಕಾರ ಸರಿಯಿತ್ತು. ನಾನು ಕೇಳಬೇಕಾಗಿದ್ದ ಪ್ರಶ್ನೆಯನ್ನೇ ಕೇಳಿರಲಿಲ್ಲ: ಈ ಚಿತ್ರ ಯಾವ ಹೊತ್ತಿನದು?

ನಾನು ಕಾಕಾನ ದ್ರಾಕ್ಷಿ ಕೆಡಿಸಿದ ಇದೇ ತಪ್ಪು ಆಕಾಶದಲ್ಲಿ ಜೀವ ತೆಗೆದಿದೆ. ಅದಕ್ಕೇ ಇವತ್ತು ಸಣ್ಣ ವಿಮಾನಗಳ ವಿಷಯ ತಗೊಂಡೀನಿ.

ಎರಡು, ನಾಲ್ಕು, ಆರು ಮಂದಿ ಕೂರುವ ಸಣ್ಣ ವಿಮಾನಗಳಲ್ಲಿ ದೊಡ್ಡ ವಿಮಾನದಂತೆ ಮೂಗಿನೊಳಗೆ ರೇಡಾರ್ ಇರೋದು ಕಡಿಮೆ. ಹಾಗಾಗಿ ಅನೇಕ ದೇಶಗಳಲ್ಲಿ ಪೈಲಟ್‌ಗಳು ಟ್ಯಾಬ್ ಒಂದನ್ನು ತೊಡೆಗೆ ಪಟ್ಟಿಯಿಂದ ಕಟ್ಟಿಕೊಳ್ಳುತ್ತಾರೆ, ಇಲ್ಲವೆ ಎದುರಿಗೆ ಸಿಕ್ಕಿಸಿಕೊಳ್ಳುತ್ತಾರೆ. ಅದರಲ್ಲಿ ನಕ್ಷೆ ಇರುತ್ತದೆ. ಜಿಪಿಎಸ್‌ನಿಂದ ವಿಮಾನ ಎಲ್ಲಿದೆ ಅನ್ನುವ ಗುರುತು ನಕ್ಷೆಯ ಮೇಲೆ ಸರಿಯುತ್ತಾ ಹೋಗುತ್ತದೆ. ಅಮೆರಿಕದಂಥ ದೇಶಗಳಲ್ಲಿ ನೆಲದ ಗೋಪುರದಿಂದ ಇಲ್ಲವೆ ಉಪಗ್ರಹದಿಂದ ಮಳೆಮೋಡದ ರೇಡಾರ್ ಚಿತ್ರವೂ ಅದೇ ನಕ್ಷೆಯ ಮೇಲೆ ಬಂದು ಕೂರುತ್ತದೆ. ಹಸಿರು ಅಂದರೆ ಸಾದಾ ಮಳೆ, ಹಳದಿ ಅಂದರೆ ಜೋರು, ಕೆಂಪು ಅಂದರೆ ಹತ್ತಿರ ಹೋಗಬ್ಯಾಡ.

ನೋಡಾಕ ಭಾಳ ಚೆಂದ. ಆದರೆ ಒಂದೇ ಗಾಜಿನ ಮೇಲೆ ಎರಡು ಬೇರೆ ಬೇರೆ ಹೊತ್ತು ಇರುತ್ತವೆ ಅನ್ನೋದನ್ನ ಗಮನಿಸ್ರಿ.

ಮೊದಲನೆಯದು ವಿಮಾನದ ಗುರುತು. ಜಿಪಿಎಸ್ ಉಪಗ್ರಹ ಸುಮಾರು 20,200 ಕಿ.ಮೀ. ಎತ್ತರದಲ್ಲಿದೆ. ಅದರ ಸಂಕೇತ ಬೆಳಕಿನ ವೇಗದಲ್ಲಿ, ಅಂದರೆ ಸೆಕೆಂಡಿಗೆ 3 ಲಕ್ಷ ಕಿ.ಮೀ. ವೇಗದಲ್ಲಿ ಬರುತ್ತದೆ. ಭಾಗಿಸಿ ನೋಡ್ರಿ, ಸೆಕೆಂಡಿನ ಹದಿನೈದನೇ ಒಂದು ಭಾಗ! ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕರೆ ಜಾಗವೂ ಎತ್ತರವೂ ತಿಳಿಯುತ್ತವೆ. ಈ ಗುರುತು ಈಗಿನದು, ಒಲೆಯಿಂದ ಈಗ ತೆಗೆದ ರೊಟ್ಟಿಯಷ್ಟು ಬಿಸಿ.

ಎರಡನೆಯದು ಮೋಡದ ಚಿತ್ರ. ನೆಲದ ಮೇಲಿನ ರೇಡಾರ್ ಒಂದು ಸುತ್ತು ತಿರುಗಿ, ಮೂತಿ ತುಸು ಮೇಲೆತ್ತಿ ಮತ್ತೆ ತಿರುಗಿ, ಹೀಗೆ ಆಕಾಶವನ್ನೆಲ್ಲ ನೋಡಿ ಮುಗಿಸಲು ಹಲವು ನಿಮಿಷ ಬೇಕು. ಆಮೇಲೆ ಬೇರೆ ಬೇರೆ ಊರಿನ ರೇಡಾರ್ ಚಿತ್ರಗಳನ್ನು ಹೊಲಿದು ಒಂದು ಕೌದಿ ಮಾಡಬೇಕು. ಆಮೇಲೆ ಕಳಿಸಬೇಕು, ವಿಮಾನದಲ್ಲಿ ಅದು ಇಳಿಯಬೇಕು. ಪರದೆಯ ಮೇಲೆ “1 ನಿಮಿಷದ ಹಿಂದೆ” ಅಂತ ಬರೆದಿದ್ದರೆ, ಅದು ಕೌದಿ ಹೊಲಿದು ಮುಗಿದ ಹೊತ್ತು. ರೇಡಾರ್ ಮೋಡವನ್ನು ಕಂಡ ಹೊತ್ತಲ್ಲ.

ನಮ್ಮ ಕಡೆಯ ಮಾತಿನಲ್ಲಿ ಹೇಳಬೇಕಂದ್ರೆ, “ಸಂಖದಿಂದ ಎಸ್.ಟಿ. ಬಿಟ್ಟೈತಂತ, ಈಗ ಫೋನ್ ಬಂತು” ಅಂತ ಒಬ್ಬ ಹೇಳ್ತಾನೆ. ಫೋನ್ ಬಂದದ್ದು ಈಗ, ಖರೆ. ಬಸ್ಸು ಬಿಟ್ಟದ್ದು ಯಾವಾಗ? ಅದನ್ನ ಯಾರೂ ಕೇಳಲಿಲ್ಲ.

2012ರ ಜೂನ್‌ನಲ್ಲಿ ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷಾ ಮಂಡಳಿ ಪೈಲಟ್‌ಗಳಿಗೆ ಇದೇ ವಿಷಯದ ಮೇಲೆ ಎಚ್ಚರಿಕೆ ಹೊರಡಿಸಿತು. ಪರದೆಯಲ್ಲಿ ಕಾಣುವ ವಯಸ್ಸಿಗಿಂತ ಚಿತ್ರದ ನಿಜವಾದ ವಯಸ್ಸು ಕೆಲವೊಮ್ಮೆ 15ರಿಂದ 20 ನಿಮಿಷ ಹೆಚ್ಚಿರಬಹುದು ಅಂತ ಅದರಲ್ಲಿ ಹೇಳಿತು. ಎರಡು ಅಪಘಾತಗಳನ್ನೂ ಮುಂದಿಟ್ಟಿತು. 2010ರ ಮಾರ್ಚ್‌ನಲ್ಲಿ ಟೆನೆಸ್ಸಿ ರಾಜ್ಯದಲ್ಲಿ ರೋಗಿಗಳನ್ನು ಸಾಗಿಸುವ ಹೆಲಿಕಾಪ್ಟರ್ ಬಿದ್ದು ಮೂವರು ಸತ್ತರು. 2011ರ ಡಿಸೆಂಬರ್‌ನಲ್ಲಿ ಟೆಕ್ಸಾಸ್‌ನಲ್ಲಿ ಒಂದು ಸಣ್ಣ ವಿಮಾನ ಬಿದ್ದು ಅದರಲ್ಲಿದ್ದ ಐವರೂ ಸತ್ತರು. ಎರಡೂ ಕಡೆ ಪೈಲಟ್‌ಗೆ ಮೋಡದ ಚಿತ್ರ ಸಿಗುತ್ತಿತ್ತು. ಎರಡೂ ಕಡೆ ಆ ಚಿತ್ರ ಪರದೆ ಹೇಳಿದ್ದಕ್ಕಿಂತ ಕೆಲವು ನಿಮಿಷ ಹಳೆಯದಾಗಿತ್ತು.

ಕೆಲವು ನಿಮಿಷಕ್ಕೆ ಏನಾಗ್ತೈತಿ ಅಂತೀರಾ? ತಾಸಿಗೆ 200 ಕಿ.ಮೀ. ಹಾರುವ ವಿಮಾನ 15 ನಿಮಿಷದಲ್ಲಿ 50 ಕಿ.ಮೀ. ಹೋಗುತ್ತದೆ. ಎದುರಿನಿಂದ ತಾಸಿಗೆ 40 ಕಿ.ಮೀ. ಬರುವ ಮೋಡ ಅಷ್ಟರಲ್ಲಿ 10 ಕಿ.ಮೀ. ಬರುತ್ತದೆ. ಇಷ್ಟೇ ಅಲ್ಲ. ಗುಡುಗುಮೋಡದ ಒಂದು ಗುಂಪು ಹುಟ್ಟಿ, ಬೆಳೆದು, ಸುರಿದು ಮುಗಿಯುವುದು ಸುಮಾರು ಅರ್ಧ ತಾಸಿನಿಂದ ಒಂದು ತಾಸಿನಲ್ಲಿ. ಕಾಲು ತಾಸಿನ ಹಿಂದಿನ ಚಿತ್ರದಲ್ಲಿ ಎರಡು ಮೋಡಗಳ ನಡುವೆ ಕಂಡ ಖಾಲಿ ಜಾಗದಲ್ಲಿ ಈಗ ಹೊಸ ಮೋಡ ಎದ್ದಿರಬಹುದು. ಆ ಸಂದಿಯಲ್ಲಿ ನುಸುಳಿ ಹೋಗ್ತೀನಿ ಅನ್ನುವ ಪೈಲಟ್ ಈಗ ಇಲ್ಲದ ಬಾಗಿಲಿನ ಕಡೆ ಹೊರಟಿರುತ್ತಾನೆ.

ಇದೆಲ್ಲ ದೂರದ ದೇಶದ ಸುದ್ದಿ ಅನ್ನಬ್ಯಾಡ್ರಿ. ಜತ್ತದಿಂದ ಸೊಲ್ಲಾಪುರ ನೇರ ಗೆರೆಯಲ್ಲಿ ಸುಮಾರು 100 ಕಿ.ಮೀ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆ 2018 ಮತ್ತು 2019ರ ಮಳೆಗಾಲದಲ್ಲಿ ಅದೇ ಸೊಲ್ಲಾಪುರದಿಂದ ಮೋಡ ಬಿತ್ತನೆಯ ಪ್ರಯೋಗ ಮಾಡಿತು. ಸಹ್ಯಾದ್ರಿ ಮಳೆಯನ್ನೆಲ್ಲ ಆಚೆ ಕಡೆ ಇಳಿಸಿಕೊಂಡು ನಮ್ಮ ಕಡೆ ಬರೀ ಗಾಳಿ ಕಳಿಸುತ್ತದಲ್ಲ, ಆ ಮಳೆನೆರಳಿನ ಸೀಮೆ ಇದು. ಅದಕ್ಕೇ ಈ ಜಾಗ ಆರಿಸಿದ್ದು. ವಿಮಾನ ಮೋಡದ ಬುಡಕ್ಕೆ ಹೋಗಿ, ನೀರು ಹೀರುವ ಲವಣದ ಕಣಗಳನ್ನು ಹೊಗೆಯಂತೆ ಬಿಡುತ್ತಿತ್ತು. 276 ಮೋಡಗಳನ್ನು ಅಭ್ಯಾಸ ಮಾಡಿದರು. ಬಿತ್ತಿದ ಜಾಗದಿಂದ ಗಾಳಿ ಸಾಗುವ ದಿಕ್ಕಿನಲ್ಲಿ 100 ಚದರ ಕಿ.ಮೀ. ಕ್ಷೇತ್ರದಲ್ಲಿ ಸರಾಸರಿ ಶೇ. 18ರಷ್ಟು ಮಳೆ ಹೆಚ್ಚಿತು ಅಂತ ಅವರ ಲೆಕ್ಕ. ಕರ್ನಾಟಕದವರೂ 2017ರಲ್ಲಿ ‘ವರ್ಷಧಾರೆ’ ಅಂತ ಇಂಥದೇ ಕೆಲಸ ಮಾಡಿದಾಗ ಬೆಂಗಳೂರು, ಗದಗ ಮತ್ತು ಸುರಪುರದಲ್ಲಿ ರೇಡಾರ್ ಇಟ್ಟಿದ್ದರು.

ಉಳಿದ ಪೈಲಟ್‌ಗಳು ಬೆಳೆಯುವ ಮೋಡದಿಂದ ದೂರ ಓಡಿದರೆ, ಇವರು ಅದನ್ನೇ ಹುಡುಕಿಕೊಂಡು ಹೋಗಬೇಕು. ಹಳೆಯ ಚಿತ್ರ ನಂಬಿ ಹೋದರೆ ಅಲ್ಲಿ ಬಿತ್ತಲು ಮೋಡವೇ ಇರುವುದಿಲ್ಲ, ಇಲ್ಲವೆ ಅದು ಬೆಳೆದು ಸಿಡಿಲಮೋಡವಾಗಿ ಕುಳಿತಿರುತ್ತದೆ. ಅದಕ್ಕೇ ಇಂಥ ಕೆಲಸಕ್ಕೆ ಹತ್ತಿರದಲ್ಲೇ ರೇಡಾರ್ ಬೇಕು, ಚಿತ್ರ ತಾಜಾ ಇರಬೇಕು, ಪೈಲಟ್‌ನ ಕಣ್ಣು ಕಿಟಕಿಯ ಹೊರಗೂ ಇರಬೇಕು.

ಹತ್ತಿರದ ರೇಡಾರ್ ಯಾಕೆ ಬೇಕು ಅನ್ನೋದಕ್ಕೆ ಇನ್ನೊಂದು ಲೆಕ್ಕವೂ ಇದೆ. ಸೊಲ್ಲಾಪುರದಲ್ಲಿ ನಿಂತ ಒಂದು ರೇಡಾರ್ ತನ್ನ ಕಿರಣವನ್ನು ಅರ್ಧ ಡಿಗ್ರಿಯಷ್ಟೇ ಮೇಲೆತ್ತಿ ಬಿಟ್ಟಿತು ಅನ್ನಿ. ಭೂಮಿ ಗುಂಡಗಿರುವುದರಿಂದ ನೆಲ ಕೆಳಗೆ ಬಾಗುತ್ತಾ ಹೋಗುತ್ತದೆ, ಕಿರಣ ಮೇಲೆ ಉಳಿಯುತ್ತದೆ. ಜತ್ತಕ್ಕೆ ಬರುವಷ್ಟರಲ್ಲಿ ಆ ಕಿರಣದ ನಡುಭಾಗ ಸುಮಾರು ಒಂದೂವರೆ ಕಿ.ಮೀ. ಎತ್ತರದಲ್ಲಿರುತ್ತದೆ. ಅದಕ್ಕಿಂತ ಬಹಳ ಕೆಳಗೆ ನಡೆಯುವುದು ಅದಕ್ಕೆ ಸರಿಯಾಗಿ ಕಾಣದು. ಚಿತ್ರದಲ್ಲಿ ಬಣ್ಣ ಇಲ್ಲ ಅಂದರೆ ಅಲ್ಲಿ ಏನೂ ಇಲ್ಲ ಅಂತಲ್ಲ.

ಹಾಗಾದರೆ ಜಾಗ ತೋರಿಸುವ ಗುರುತನ್ನಾದರೂ ಕಣ್ಣು ಮುಚ್ಚಿ ನಂಬಬಹುದಾ? ಬಹಳಷ್ಟು ನಂಬಬಹುದು. ಇಸ್ರೋ ಮತ್ತು ಭಾರತೀಯ ವಿಮಾನ ನಿಲ್ದಾಣಗಳ ಪ್ರಾಧಿಕಾರ ಸೇರಿ ಕಟ್ಟಿದ ‘ಗಗನ್’ ವ್ಯವಸ್ಥೆ ಜಿಪಿಎಸ್‌ನ ಸಣ್ಣ ತಪ್ಪುಗಳನ್ನು ತಿದ್ದಿ ಕಳಿಸುತ್ತದೆ. ಅದರ ನಿಯಂತ್ರಣ ಕೇಂದ್ರ ಬೆಂಗಳೂರಿನಲ್ಲಿದೆ. 2022ರ ಏಪ್ರಿಲ್‌ನಲ್ಲಿ ರಾಜಸ್ಥಾನದ ಕಿಶನಗಢದಲ್ಲಿ ಒಂದು ಪ್ರಯಾಣಿಕ ವಿಮಾನ ಅದರ ನೆರವಿನಿಂದ ಇಳಿದು ತೋರಿಸಿತು. ಆದರೂ ಯಾರಾದರೂ ಸುಳ್ಳು ಸಂಕೇತ ಬಿಟ್ಟರೆ ಜಿಪಿಎಸ್ ಮೋಸ ಹೋಗುತ್ತದೆ. 2023ರ ನವೆಂಬರ್‌ನಿಂದ 2025ರ ಫೆಬ್ರುವರಿವರೆಗೆ ಅಮೃತಸರ, ಜಮ್ಮು ಕಡೆಯ ಗಡಿಯಲ್ಲಿ ಇಂಥ 465 ಪ್ರಸಂಗಗಳು ವರದಿಯಾದವು ಅಂತ ಕೇಂದ್ರ ಸರ್ಕಾರ ಸಂಸತ್ತಿಗೆ ತಿಳಿಸಿದೆ. ಇನ್ನು ಟ್ಯಾಬ್ ಅಂದಮೇಲೆ ಅದರ ಬ್ಯಾಟರಿ ಮುಗಿಯುತ್ತದೆ, ಗಾಜಿನ ಕೆಳಗಿನ ಬಿಸಿಲಿಗೆ ಕಾದು ಆರಿಹೋಗುತ್ತದೆ. ಅದಕ್ಕೇ ಜಾಣ ಪೈಲಟ್ ದಿಕ್ಸೂಚಿಯನ್ನೂ ಕಾಗದದ ನಕ್ಷೆಯನ್ನೂ ಬಿಡುವುದಿಲ್ಲ.

ಇಷ್ಟು ಕೇಳಿ ನಿಮ್ಮಲ್ಲಿ ಯಾರಾದರೂ, “ಹಂಗಾರ ಈ ಉಪಕರಣನ ಬ್ಯಾಡ ಬಿಡ್ರಿ ಸರ, ನಮ್ಮ ಮುತ್ಯಾ ಮುಗಿಲು ನೋಡಿನ ಹೇಳ್ತಾನ” ಅಂತೀರಿ. ಮುತ್ಯಾನ ಕಣ್ಣಿಗೆ ನನ್ನ ನಮಸ್ಕಾರ. ಆದರೆ ಗುಡ್ಡದ ಆಚೆ ಏನಿದೆ, ರಾತ್ರಿ ಎಲ್ಲಿ ಮಳೆ ಸುರಿಯುತ್ತಿದೆ, ಮುತ್ಯಾನಿಗೆ ಕಾಣದು. ನಕ್ಷೆಯ ಮೇಲೆ ಮೋಡ ಕಾಣುವುದರಿಂದ ಎಷ್ಟೋ ಪೈಲಟ್‌ಗಳು ಮೊದಲೇ ಬೇರೆ ದಾರಿ ಹಿಡಿಯುತ್ತಾರೆ, ಇಲ್ಲವೆ ಹಾರುವುದನ್ನೇ ಬಿಡುತ್ತಾರೆ. ಮೋಡಗಳಿಂದ ಬಹಳ ದೂರ ಸುತ್ತಿ ಹೋಗಲು ಆ ಚಿತ್ರ ಒಳ್ಳೆಯದು. ಮೋಡಗಳ ಸಂದಿಯಲ್ಲಿ ದಾರಿ ಹುಡುಕಲು ಕೆಟ್ಟದ್ದು. ಕೆಲಸಕ್ಕೆ ತಕ್ಕ ಸಾಧನ, ಸಾಧನಕ್ಕೆ ತಕ್ಕ ನಂಬಿಕೆ ಇರಬೇಕು.

ಇನ್ನು ಕೆಲವರು, “ಮುಂದೆ ತಂತ್ರಜ್ಞಾನ ಸುಧಾರಿಸಿ ಎಲ್ಲ ಸರಿಹೋಗ್ತೈತಿ” ಅಂತಾರೆ. ಸುಧಾರಿಸುತ್ತದೆ, ನಿಜ. ಆದರೆ ನೋಡಲು, ಹೊಲಿಯಲು, ಕಳಿಸಲು ಹೊತ್ತು ಬೇಕೇ ಬೇಕು. ಅದು ಸೊನ್ನೆ ಆಗುವುದಿಲ್ಲ. ವಿಮಾನದ ಮೂಗಿನಲ್ಲೇ ಇರುವ ರೇಡಾರ್‌ಗೂ ಒಂದು ಮಿತಿ ಇದೆ. ಎದುರಿನ ಮಳೆ ಬಹಳ ಜೋರಾಗಿದ್ದರೆ ಅದು ಕಿರಣವನ್ನು ನುಂಗಿಬಿಡುತ್ತದೆ, ಅದರ ಹಿಂದಿನ ಮೋಡ ಕಾಣುವುದಿಲ್ಲ.

ನನ್ನ ದೂರು ಉಪಕರಣದ ಮೇಲಲ್ಲ, ನಮ್ಮ ಮೇಲೆ, ಅಂದರೆ ಶಿಕ್ಷಕರ ಮೇಲೆ. ಉತ್ತರದಲ್ಲಿ ಸೆಂಟಿಮೀಟರ್ ಬರೆಯದಿದ್ದರೆ, ಡಿಗ್ರಿ ಬರೆಯದಿದ್ದರೆ ಅರ್ಧ ಅಂಕ ಕಡಿಮೆ ಮಾಡ್ತೀವಿ. “ಯಾವ ಹೊತ್ತಿಗೆ ಅಳತೆ ಮಾಡಿದಿ?” ಅಂತ ಒಮ್ಮೆಯೂ ಕೇಳುವುದಿಲ್ಲ. ಫಲಕದ ಮೇಲೆ ದಿನದ ಉಷ್ಣತೆ 36 ಅಂತ ಬರೆಸ್ತೀವಿ. ಬೆಳಿಗ್ಗೆ 8ಕ್ಕೋ ಮಧ್ಯಾಹ್ನ 3ಕ್ಕೋ ಅಂತ ಬರೆಸುವುದಿಲ್ಲ. ಹೊತ್ತಿಲ್ಲದ ಅಳತೆ ಊರಿಲ್ಲದ ವಿಳಾಸದಂತೆ. ನಮ್ಮ ಶಾಲೆಗಳಲ್ಲಿ ಇದು ಬದಲಾಗಬೇಕು ಅನ್ನೋದು ನನ್ನ ಸ್ಪಷ್ಟ ಅಭಿಪ್ರಾಯ.

ಯಾಕಂದ್ರೆ ಇದು ನಿಮ್ಮ ಜೀವದ ಪ್ರಶ್ನೆ. ನಿಮ್ಮಲ್ಲಿ ಎಷ್ಟೋ ಮಂದಿ ಶಾಲೆ ಬಿಟ್ಟ ಮೇಲೆ ಮಾಡಗ್ಯಾಳ ಕುರಿಗಳ ಹಿಂದೆ ಬಯಲಿಗೆ ಹೋಗ್ತೀರಿ. ಅಲ್ಲಿ ಮರ ವಿರಳ, ಮನೆ ದೂರ, ಸಿಡಿಲು ಮಾತ್ರ ಹತ್ತಿರ. ಈಗ ಎಲ್ಲರ ಮನೆಯಲ್ಲೂ ಮೊಬೈಲ್ ಬಂದಿದೆ. ಸೊಲ್ಲಾಪುರದ ಪ್ರಯೋಗ ಮಾಡಿದ ಅದೇ ಪುಣೆಯ ಸಂಸ್ಥೆ ‘ದಾಮಿನಿ’ ಅನ್ನುವ ಆ್ಯಪ್ ಮಾಡಿದೆ. ನೀವಿರುವ ಜಾಗದಿಂದ 20 ಮತ್ತು 40 ಕಿ.ಮೀ. ಸುತ್ತಳತೆಯಲ್ಲಿ ಸಿಡಿಲಿನ ಎಚ್ಚರಿಕೆ ಕೊಡುತ್ತದೆ. ಮನೆಯವರ ಮೊಬೈಲ್‌ನಲ್ಲಿ ಹಾಕಿಸಿಕೊಳ್ರಿ. ಹಾಕಿಸಿಕೊಂಡ ಮೇಲೆ ಪೈಲಟ್‌ನಂತೆ ಮೂರು ರೂಢಿ ಮಾಡಿಕೊಳ್ರಿ.

ಒಂದು: ಯಾವ ಚಿತ್ರ ನೋಡಿದರೂ ಮೊದಲು ಮೂಲೆಯ ಹೊತ್ತು ಓದ್ರಿ. ಹೊತ್ತು ಬರೆದಿಲ್ಲ ಅಂದರೆ ಅದನ್ನು ಹಳೆಯದು ಅಂತಲೇ ತಿಳೀರಿ. ಇನ್ಸ್ಯಾಟ್ ಉಪಗ್ರಹ ನಮ್ಮ ಕಡೆಯ ಭೂಮಿಯನ್ನೆಲ್ಲ ಒಮ್ಮೆ ನೋಡಿ ಮುಗಿಸಲು ಸುಮಾರು 26 ನಿಮಿಷ ಬೇಕು, ಇದು ನೆನಪಿರಲಿ.

ಎರಡು: ಚಿತ್ರದ ವಯಸ್ಸನ್ನು ಮೋಡದ ವೇಗಕ್ಕೆ ಗುಣಿಸ್ರಿ. ಬಂದ ಉತ್ತರದಷ್ಟು ಮೋಡವನ್ನು ನಿಮ್ಮ ಕಡೆ ಸರಿಸಿ ನೋಡ್ರಿ.

ಮೂರು: ಮೊಬೈಲ್ ಕೆಳಗಿಟ್ಟು ಮುಗಿಲು ನೋಡ್ರಿ. ಮಿಂಚು ಕಂಡ ಕೂಡಲೇ ಎಣಿಸಾಕ ಶುರು ಮಾಡ್ರಿ. ಶಬ್ದ ಒಂದು ಕಿ.ಮೀ. ಬರಲು ಸುಮಾರು 3 ಸೆಕೆಂಡು. 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು 10 ಕಿ.ಮೀ. ಒಳಗೇ ಇದೆ. ಕುರಿ ಕಡೆ ನೋಡುತ್ತಾ ನಿಲ್ಲಬ್ಯಾಡ್ರಿ, ಗಿಡದ ಕೆಳಗೂ ನಿಲ್ಲಬ್ಯಾಡ್ರಿ, ಗಟ್ಟಿ ಮನೆಯೊಳಗೆ ಹೋಗ್ರಿ. ಕೊನೆಯ ಗುಡುಗಿನ ನಂತರ ಅರ್ಧ ತಾಸು ಹೊರಗೆ ಬರಬ್ಯಾಡ್ರಿ. ಈ ಲೆಕ್ಕಕ್ಕೆ ಬ್ಯಾಟರಿ ಬೇಕಿಲ್ಲ, ಸಂಕೇತವೂ ಬೇಕಿಲ್ಲ, ಮತ್ತು ಇದು ಯಾವಾಗಲೂ ಈಗಿನದೇ.

ನೆರೆಮನೆಯ ಕಾಕಾ ಆವತ್ತು ನನಗೆ ಒಂದು ಮಾತೂ ಅನ್ನಲಿಲ್ಲ. ಮರುವರ್ಷ ಮತ್ತೆ ಮುಗಿಲು ಕಪ್ಪಾದಾಗ ನನ್ನ ಬಳಿ ಬಂದು, “ಮಾಸ್ತರ, ಅದು ಎಷ್ಟೊತ್ತಿಂದು ಅಂತ ಮೊದಲ ನೋಡ್ರಿ” ಅಂದರು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವರು. ನೀವು ಅವರಿಗಿಂತ ಮೊದಲೇ ಆ ಪ್ರಶ್ನೆ ಕೇಳುವಂತಾಗಲಿ. ಈ ಸಲ ಮಳೆ ಬಂದಾಗ ಮೇಲಿನ ಲೆಕ್ಕ ಮಾಡಿ, ಹೊತ್ತು ಹಾಕಿ ಬರೆದು, ನಿಮ್ಮ ವಿಜ್ಞಾನದ ಗುರುಗಳಿಗೆ ತೋರಿಸ್ರಿ. ಅವರು ಫಲಕದ ಮೇಲೆ ಹೊತ್ತು ಬರೆಯೋದು ಮರೆತಿದ್ದರೆ ನೆನಪಿಸ್ರಿ, ಸಿಟ್ಟಾಗೋದಿಲ್ಲ.