ತೋಟದ ದಾರಿಗೆ ಹಳೆಯ ಮೋಟಾರು ಸೈಕಲ್ಲು

ಶೆಟ್ಟಿಕೆರೆಯ ಸೀಮೆಯಿಂದ ಗೃಹಸ್ಥರೊಬ್ಬರು ಬರೆದ ಕಾಗದವೊಂದು ನಮ್ಮ ಮುಂದಿದೆ. ತಿಪಟೂರಿನ ಹರಾಜಿನಲ್ಲಿ ಕೊಬ್ಬರಿ ಮಾರಿ ಬಂದ ಹಣದಲ್ಲಿ ಒಂದಿಷ್ಟನ್ನು ಹಿರಿಯ ಮಗನು ಕೇಳುತ್ತಿರುವನಂತೆ. ಅವನಿಗೆ ಬೇಕಾದುದು ಹೊಸ ಗಾಡಿಯಲ್ಲ. ಎರಡು ಹೊಡೆತದ, ಅಂದರೆ ಜನರು ಟೂ ಸ್ಟ್ರೋಕ್ ಎನ್ನುವ, ಹಳೆಯ ಮೋಟಾರು ಸೈಕಲ್ಲು. ಅದನ್ನು ಕಲ್ಲುಮಣ್ಣಿನ ದಾರಿಗೆ ಅಣಿಮಾಡಿಕೊಂಡರೆ ತೋಟಕ್ಕೂ ಆಯಿತು, ಗುಡ್ಡದ ಮೇಲೆ ಓಡಿಸುವುದಕ್ಕೂ ಆಯಿತು ಎಂಬುದು ಮಗನ ವಾದ. "ಬೇಡವೆಂದರೆ ಮನೆಯಲ್ಲಿ ಮಾತು ನಿಲ್ಲುತ್ತದೆ, ಆಗಲೆಂದರೆ ನನಗೆ ನಿದ್ದೆ ಕೆಡುತ್ತದೆ. ಯಂತ್ರದ ಗಂಧ ನನಗಿಲ್ಲ. ಹುಡುಗನಿಗೆ ಹದಿನೆಂಟು ತುಂಬಲು ಇನ್ನು ನಾಲ್ಕು ತಿಂಗಳುಂಟು. ಏನು ಮಾಡಲಿ?" ಎಂದು ಕೇಳಿದ್ದಾರೆ. ಇಂತಹ ಪ್ರಶ್ನೆ ಒಂದೇ ಮನೆಯದಲ್ಲವಾದುದರಿಂದ ಇಲ್ಲಿಯೇ ಉತ್ತರಿಸುವುದು ಒಳಿತೆಂದು ತೋರಿತು.

ಮೊದಲು ಆ ನಾಲ್ಕು ತಿಂಗಳ ಮಾತು. ಗೇರುಳ್ಳ ಮೋಟಾರು ಸೈಕಲ್ಲಿಗೆ ಹದಿನೆಂಟು ತುಂಬದೆ ಲೈಸೆನ್ಸು ದೊರೆಯುವುದಿಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನಗಳ ಕಾಯಿದೆಯಂತೆ, ಅಪ್ರಾಪ್ತ ವಯಸ್ಕನು ಗಾಡಿ ಓಡಿಸಿ ತಪ್ಪು ಮಾಡಿದರೆ ಹೊಣೆ ತಂದೆಯದು ಅಥವಾ ಗಾಡಿಯ ಒಡೆಯನದು: 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆ, ಗಾಡಿಯ ನೋಂದಣಿ ಹನ್ನೆರಡು ತಿಂಗಳ ಕಾಲ ರದ್ದು. ಊರೊಳಗಿನ ದಾರಿಯೂ ಕೆರೆಯ ಏರಿಯೂ ಸಾರ್ವಜನಿಕ ದಾರಿಗಳೇ. ಆದುದರಿಂದ ಗಾಡಿಯನ್ನು ಈಗಲೇ ಕೊಂಡರೂ ಬೀಗದ ಕೈ ನಾಲ್ಕು ತಿಂಗಳು ತಂದೆಯ ಬಳಿಯೇ ಇರತಕ್ಕದ್ದು. ಇದರಲ್ಲಿ ನಷ್ಟವೇನೂ ಇಲ್ಲ. ಹಳೆಯ ಯಂತ್ರವನ್ನು ಬಿಚ್ಚಿ, ತೊಳೆದು, ಜೋಡಿಸುವುದಕ್ಕೆ ಅಷ್ಟು ಕಾಲ ಬೇಕೇ ಬೇಕು.

ಇನ್ನು ಯಾವ ಗಾಡಿ ಎಂಬುದು. ಹೊರದೇಶಗಳಲ್ಲಿ ಕಾಡುದಾರಿಗೆಂದೇ ಮಾಡಿದ ಎರಡು ಹೊಡೆತದ ಗಾಡಿಗಳುಂಟು. ಅವು ನಮ್ಮಲ್ಲಿ ಪಂದ್ಯದ ಬಯಲಿನಲ್ಲಿ ಮಾತ್ರ ಕಾಣಸಿಗುತ್ತವೆ. ನಂಬರಿಲ್ಲದ ಅಂತಹ ಗಾಡಿಯನ್ನು ರಸ್ತೆಗೆ ತರಕೂಡದು. ನಮ್ಮ ಹುಡುಗರು ‘ಡರ್ಟ್ ಬೈಕ್’ ಎಂದು ಕರೆಯುವುದು ಬಹುಮಟ್ಟಿಗೆ ರಸ್ತೆಯ ಗಾಡಿಯನ್ನೇ ಮಣ್ಣಿಗೆ ಹೊಂದಿಸಿಕೊಂಡದ್ದು. ಅಂತಹವುಗಳಲ್ಲಿ ಎರಡು ನಮ್ಮ ಸೀಮೆಯಲ್ಲಿ ಹೆಸರಾದವು.

ಒಂದು ನಮ್ಮ ಮೈಸೂರಿನದೇ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1960ರ ದಶಕದ ಆದಿಯಿಂದ ಜಾವಾ ಎಂಬ ಹೆಸರಿನಲ್ಲಿಯೂ, 1970ರ ದಶಕದಿಂದ ಎಜ್ಡಿ ಎಂಬ ಹೆಸರಿನಲ್ಲಿಯೂ ಈ ಗಾಡಿಗಳು ಹೊರಬಂದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಮೂಲವು ಚೆಕೊಸ್ಲೊವಾಕಿಯ ದೇಶದ್ದು. ಆ ದೇಶದವರು ಎರಡು ಹೊಡೆತದ ಯಂತ್ರವನ್ನು ಮಣ್ಣಿನಲ್ಲಿ ಓಡಿಸುವುದರಲ್ಲಿ ನಿಸ್ಸೀಮರು. 1964ರಲ್ಲಿ ಬೆಲ್ಜಿಯಮ್ಮಿನ ಯೊಯೆಲ್ ರೊಬೆರ್ ಎಂಬ ತರುಣನು 250 ಸಿ.ಸಿ. ಮೋಟೊಕ್ರಾಸಿನ ಜಗತ್‌ಪ್ರಶಸ್ತಿಯನ್ನು ಗೆದ್ದುದು ಚೆಕ್ ದೇಶದ ಸೀಜ಼ಡ್ ಗಾಡಿಯ ಮೇಲೆಯೇ. ಎಜ್ಡಿಯ ರೋಡ್‌ಕಿಂಗ್ ಎಂಬ ಮಾದರಿ ಸುಮಾರು 250 ಸಿ.ಸಿ.ಯದು, 16 ಅಶ್ವಶಕ್ತಿಯದು. ಕಿಕ್ ಹೊಡೆಯುವ ಕೋಲನ್ನೇ ಮಡಿಸಿ ಗೇರಿಗೆ ಬಳಸುವ ಅದರ ಉಪಾಯವನ್ನು ನೋಡಿ ಹೊಸಬರು ಬೆರಗಾಗುತ್ತಾರೆ. ಗಟ್ಟಿ ಗಾಡಿ, ಕೆಳವೇಗದಲ್ಲಿ ಒಳ್ಳೆಯ ಎಳೆತವುಂಟು. ಆದರೆ ತೂಕ ಹೆಚ್ಚು. ಒದ್ದೆ ಬದುವಿನ ಮೇಲೆ ಬಿದ್ದರೆ ಒಬ್ಬನೇ ಎತ್ತುವುದು ಕಷ್ಟ. 2022ರಿಂದ ಇದೇ ಹೆಸರಿನಲ್ಲಿ ಬರುತ್ತಿರುವ ಹೊಸ ಎಜ್ಡಿಗಳು ನಾಲ್ಕು ಹೊಡೆತದವು. ಎರಡನ್ನೂ ಒಂದೇ ಎಂದು ಭ್ರಮಿಸಬಾರದು.

ಇನ್ನೊಂದು ಯಮಾಹಾ ಆರ್‌ಎಕ್ಸ್ 100. 1985ರಿಂದ 1996ರವರೆಗೆ ಮಾರಾಟವಾದ ಈ ಗಾಡಿ ಕೇವಲ 98 ಸಿ.ಸಿ.ಯದು, ಶಕ್ತಿ 11 ಕುದುರೆಯದು, ತೂಕ ಸುಮಾರು 100 ಕಿಲೋ. ತೆಂಗಿನ ಸಾಲುಗಳ ನಡುವೆ ತಿರುಗಿಸುವುದಕ್ಕೆ ಇದಕ್ಕಿಂತ ಹಗುರವಾದುದು ಸಿಕ್ಕುವುದು ಅಪರೂಪ. ಆದರೆ ಹುಡುಗರ ಮೋಹದಿಂದ ಬೆಲೆ ಏರಿಹೋಗಿದೆ. ಕೆಲವೆಡೆ ಹೊಸ ಗಾಡಿಯ ಬೆಲೆಯನ್ನೇ ಹೇಳುತ್ತಾರೆ. ಬರಿಯ ತೋಟದ ಕೆಲಸಕ್ಕಾದರೆ ಇಷ್ಟು ಕೊಟ್ಟು ಇದನ್ನು ತರಬೇಕಾದ ಅಗತ್ಯ ನಮಗೆ ಕಾಣದು. 2019ರಲ್ಲಿ ಬಂದ ಹೀರೋ ಎಕ್ಸ್‌ಪಲ್ಸ್‌ನಂತಹ ನಾಲ್ಕು ಹೊಡೆತದ ಗಾಡಿಯನ್ನು ಹಳೆಯದಾಗಿ ಕೊಂಡರೆ ಎಣ್ಣೆ ಬೆರೆಸುವ ಗೊಡವೆಯೂ ಇಲ್ಲ. ಆದರೆ ಹುಡುಗನಿಗೆ ಬೇಕಾದುದು ಯಂತ್ರದ ವಿದ್ಯೆಯೂ ಆಗಿದ್ದರೆ ಎರಡು ಹೊಡೆತದ್ದೇ ಒಳ್ಳೆಯ ಗುರು. ಅದರಲ್ಲಿ ವಾಲ್ವುಗಳ ಜಂಜಾಟವಿಲ್ಲ, ಇರುವ ಕೆಲವೇ ಭಾಗಗಳನ್ನು ಮನೆಯ ಜಗಲಿಯ ಮೇಲೆಯೇ ಬಿಚ್ಚಬಹುದು.

ಕೊಳ್ಳುವ ಮುನ್ನ ಕಾಗದಪತ್ರ. ಖಾಸಗಿ ಗಾಡಿಯ ನೋಂದಣಿಗೆ 15 ವರ್ಷದ ಆಯುಸ್ಸು. ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ಈ ಗಾಡಿಗಳೆಲ್ಲವೂ ಆ ಗಡುವನ್ನು ದಾಟಿದವೇ. ನವೀಕರಣವಾಗಿದೆಯೇ, ಇನ್ನು ಎಷ್ಟು ಕಾಲ ಉಂಟು ಎಂದು ನೋಡಿರಿ. ಚಾಸಿಯ ಸಂಖ್ಯೆಯನ್ನೂ ಎಂಜಿನಿನ ಸಂಖ್ಯೆಯನ್ನೂ ಚಿಂದಿಬಟ್ಟೆಯಿಂದ ಒರೆಸಿ, ಆರ್.ಸಿ.ಯೊಡನೆ ಒಂದೊಂದು ಅಂಕಿಯನ್ನೂ ತಾಳೆ ಹಾಕಿರಿ. ಅಂಕಿಯ ಸುತ್ತ ಅರ ಉಜ್ಜಿದ ಗುರುತಿದ್ದರೆ, ಬೆಲೆ ಎಷ್ಟೇ ಕಡಿಮೆಯಾಗಿರಲಿ, ಕೈಮುಗಿದು ಹಿಂದಿರುಗಿರಿ. ಹೆಸರು ಬದಲಾಯಿಸಲು 29 ಮತ್ತು 30ನೆಯ ನಮೂನೆಗಳಿಗೆ ಮಾರುವವನ ರುಜು ಬೇಕು. ಗಾಡಿ ತಿಪಟೂರಿನ ಕೆಎ-44ರದಾಗಿರದೆ ಬೇರೆ ರಾಜ್ಯದ್ದಾದರೆ ಅಲ್ಲಿಯ ಕಚೇರಿಯ ನಿರಾಕ್ಷೇಪಣಾ ಪತ್ರವೂ ಬೇಕು. ‘ಆಮೇಲೆ ಮಾಡಿಸಿಕೊಡುತ್ತೇನೆ’ ಎಂಬ ಮಾತಿಗೆ ಪೂರ್ತಿ ಹಣ ಕೊಡಬಾರದು.

ಯಂತ್ರಪರೀಕ್ಷೆಯ ವಿಷಯವನ್ನು ತುಸು ವಿಸ್ತಾರವಾಗಿ ಹೇಳಬೇಕು. ಹಣ ಹೋಗುವುದೂ ಉಳಿಯುವುದೂ ಇಲ್ಲಿಯೇ. ಎರಡು ಹೊಡೆತದ ಯಂತ್ರದಲ್ಲಿ ಗಾಳಿಯೂ ಪೆಟ್ರೋಲೂ ಮೊದಲು ಕ್ರ್ಯಾಂಕಿನ ಕೋಣೆಗೆ ಬಂದು, ಪಿಸ್ಟನ್ನು ಇಳಿಯುವಾಗ ಅಲ್ಲಿಂದ ಒತ್ತಲ್ಪಟ್ಟು ಮೇಲಕ್ಕೆ ಹೋಗುತ್ತವೆ. ಕ್ರ್ಯಾಂಕಿಗೆ ಬೇಕಾದ ಎಣ್ಣೆಯೂ ಆ ಪೆಟ್ರೋಲಿನೊಡನೆಯೇ ಬರತಕ್ಕದ್ದು. ಹೀಗಾಗಿ ಕ್ರ್ಯಾಂಕಿನ ಎರಡು ತುದಿಗಳಲ್ಲಿರುವ ರಬ್ಬರಿನ ಸೀಲುಗಳೇ ಯಂತ್ರದ ಪ್ರಾಣ. ಮ್ಯಾಗ್ನೆಟೋ ಕಡೆಯ ಸೀಲು ಸವೆದರೆ ಹೊರಗಾಳಿ ಒಳನುಗ್ಗಿ ಮಿಶ್ರಣ ತೆಳುವಾಗುತ್ತದೆ. ಯಂತ್ರವು ತಾನಾಗಿಯೇ ವೇಗವೇರಿ, ಬಿಟ್ಟರೂ ಇಳಿಯದು. ಕ್ಲಚ್ಚಿನ ಕಡೆಯದು ಸವೆದರೆ ಗೇರಿನ ಎಣ್ಣೆಯನ್ನು ಯಂತ್ರವೇ ಹೀರಿ ದಟ್ಟವಾದ ಬಿಳಿಯ ಹೊಗೆಯನ್ನು ಕಾರುತ್ತದೆ. ತೆಳು ಮಿಶ್ರಣದಿಂದ ಕಾವೇರಿದ ಪಿಸ್ಟನ್ನು ಬೋರಿನಲ್ಲಿ ಹಿಡಿದುಕೊಳ್ಳುವುದನ್ನೇ ಗ್ಯಾರೇಜಿನವರು ‘ಸೀಜ್’ ಎನ್ನುವುದು. ಆಗ ಹಿಂದಿನ ಚಕ್ರ ಒಮ್ಮೆಲೇ ಕಟ್ಟಿಬಿಡುತ್ತದೆ. ತಂದೆಯ ನಿದ್ದೆ ಕೆಡತಕ್ಕ ಸಂಗತಿ ನಿಜವಾಗಿ ಇದೊಂದೇ. ಮಗನಿಗೆ ಇದನ್ನು ಮೊದಲು ಕಲಿಸಿರಿ. ಯಂತ್ರದ ಧ್ವನಿ ಬಿಗಿಯಾಗಿ ವೇಗ ತಾನಾಗಿ ಕುಗ್ಗಿತೆಂದರೆ ಆ ಕ್ಷಣದಲ್ಲಿಯೇ ಕ್ಲಚ್ಚು ಹಿಡಿಯಬೇಕು.

ಪರೀಕ್ಷೆಗೆ ಹೋಗುವಾಗ ಯಂತ್ರ ತಣ್ಣಗಿರಬೇಕೆಂದು ಮೊದಲೇ ಹೇಳಿಕಳುಹಿಸಿರಿ. ನೀವು ಬರುವ ಮುನ್ನವೇ ಬಿಸಿಮಾಡಿಟ್ಟಿದ್ದರೆ, ಏನನ್ನೋ ಮರೆಸುತ್ತಿರುವರೆಂದು ತಿಳಿಯಬೇಕು. ಕಿಕ್ಕನ್ನು ಕೈಯಿಂದ ಮೆಲ್ಲನೆ ಒತ್ತಿದರೆ ನಡುವೆ ಎದುರೊತ್ತು ಸ್ಪಷ್ಟವಾಗಿ ತಿಳಿಯತಕ್ಕದ್ದು. ಒಪ್ಪಿದರೆ ಸೈಲೆನ್ಸರಿನ ಕೊಳವೆಯನ್ನು ಬಿಚ್ಚಿಸಿ, ಆ ರಂಧ್ರದಿಂದ ಟಾರ್ಚು ಹಿಡಿದು ಪಿಸ್ಟನ್ನಿನ ಬದಿಯನ್ನು ನೋಡಿರಿ. ಉದ್ದುದ್ದನೆಯ ಗೀರುಗಳಿದ್ದರೆ ಅದು ಹಿಂದೆ ಒಮ್ಮೆ ಹಿಡಿದುಕೊಂಡ ಯಂತ್ರ. ಬೋರು ಎಷ್ಟು ಸಲ ಕೊರೆಸಿದ್ದು ಎಂದು ಕೇಳಿರಿ. ಪಿಸ್ಟನ್ನುಗಳು ಕಾಲು ಮಿಲಿಮೀಟರಿನ ಹೆಜ್ಜೆಯಲ್ಲಿ ದೊಡ್ಡದಾಗುತ್ತ ಹೋಗುತ್ತವೆ. ಕೊನೆಯ ಅಳತೆ ಮುಟ್ಟಿದ್ದರೆ ಮುಂದಿನ ಸಲ ಹೊಸ ಸ್ಲೀವು ಹಾಕಿಸಬೇಕಾಗುತ್ತದೆ, ಅದನ್ನು ಬೆಲೆಯಲ್ಲಿ ಕಳೆಯಿರಿ. ಕಿವಿಗೂ ಕೆಲಸವುಂಟು. ಅಟ್ಟದ ಮೇಲಿನ ಕಾಯಿ ಒಣಗಿ ಗಿಟುಕಾದಾಗ ಒಳಗೆ ಲೊಟಲೊಟ ಎನ್ನುವುದು ನಮಗೆ ಹಿಗ್ಗಿನ ಸದ್ದು. ಯಂತ್ರದ ಹೊಟ್ಟೆಯಲ್ಲಿ ಅದೇ ಸದ್ದು ಕೇಳಿದರೆ ಕನೆಕ್ಟಿಂಗ್ ರಾಡಿನ ಬೇರಿಂಗು ಸವೆದಿದೆ, ಕ್ರ್ಯಾಂಕನ್ನು ಪೂರ್ತಿ ಬಿಚ್ಚಬೇಕು. ಇನ್ನು ಚೌಕಟ್ಟು ಬಾಗಿದೆಯೇ, ಹಿಡಿಯ ಕೆಳಗೆ ಬೆಸುಗೆ ಹಾಕಿದ ಗಾಯವುಂಟೇ, ಮುಂದಿನ ಫೋರ್ಕಿನ ಕೊಳವೆಗಳಿಗೆ ತುಕ್ಕಿನ ಕುಳಿ ಬಿದ್ದಿದೆಯೇ, ಕಡ್ಡಿಗಳು ಸಡಿಲವಾಗಿವೆಯೇ ಎಂದು ನೋಡಿರಿ. ಬಣ್ಣ, ಹೊಳಪು, ಸೀಟಿನ ಹೊದಿಕೆ, ಇವು ಮಾರುವವನ ಶೃಂಗಾರ, ಲೆಕ್ಕಕ್ಕಿಲ್ಲ.

ಆರ್‌ಎಕ್ಸ್ 100 ಕೊಳ್ಳುವವರು ಒಂದು ಪ್ರಶ್ನೆಯನ್ನು ಮರೆಯಲೇಬಾರದು: ಎಣ್ಣೆಯ ಪಂಪು ಇದೆಯೇ? ಎಣ್ಣೆಗೆ ಪ್ರತ್ಯೇಕ ಡಬ್ಬಿಯೂ ಅದನ್ನು ತಾನಾಗಿ ಬೆರೆಸುವ ಪಂಪೂ ಆ ಗಾಡಿಗೆ ಉಂಟು. ಅನೇಕರು ಅದನ್ನು ತೆಗೆದುಹಾಕಿ, ಎಣ್ಣೆಯನ್ನು ಪೆಟ್ರೋಲಿನಲ್ಲಿಯೇ ಬೆರೆಸಿ ಓಡಿಸುತ್ತಾರೆ. ಇದನ್ನರಿಯದೆ ಬರಿಯ ಪೆಟ್ರೋಲು ತುಂಬಿಸಿಕೊಂಡು ಹೊರಟರೆ ಕೊಂಡ ದಿನವೇ ಯಂತ್ರ ಹಾಳು.

ಮನೆಗೆ ತಂದ ಮೇಲೆ ಹೊಂದಿಸುವ ಕೆಲಸ. ಸೀಲುಗಳು, ಗ್ಯಾಸ್ಕೆಟ್ಟು, ಪೆಟ್ರೋಲು ಕೊಳವೆ, ಪ್ಲಗ್ಗು, ಕೇಬಲ್ಲುಗಳು, ಇಷ್ಟನ್ನು ಚೆನ್ನಾಗಿವೆಯೆಂದು ಕಂಡರೂ ಬದಲಾಯಿಸಿರಿ. ಸೈಲೆನ್ಸರಿನಲ್ಲಿಯೂ ಹೊರಹೋಗುವ ರಂಧ್ರದಲ್ಲಿಯೂ ಕಟ್ಟಿದ ಮಸಿಯನ್ನು ಮರದ ಚೂರಿನಿಂದ ಕೆರೆದು ತೆಗೆಯಿರಿ. ‘ಎಳೆತವಿಲ್ಲ’ ಎಂಬ ದೂರಿನಲ್ಲಿ ಅರ್ಧಪಾಲು ಇದರಿಂದಲೇ ಹೋಗುತ್ತದೆ. ಸೈಲೆನ್ಸರನ್ನೇ ಕತ್ತರಿಸಿ ಸದ್ದು ಮಾಡಿಸುವುದು ಮಾತ್ರ ಬೇಡ. ಅದು ಕಾಯಿದೆಗೆ ವಿರುದ್ಧ. ಮೇಲಾಗಿ ಎರಡು ಹೊಡೆತದ ಯಂತ್ರದಲ್ಲಿ ಸೈಲೆನ್ಸರಿನ ಆಕಾರವೇ ಶಕ್ತಿಯ ಒಂದು ಅಂಗವಾದುದರಿಂದ, ಸದ್ದು ಹೆಚ್ಚಿದಷ್ಟೂ ಎಳೆತ ಕುಗ್ಗುವುದೇ ಹೆಚ್ಚು. ನೆರೆಮನೆಯ ಹಾಲು ಕರೆಯುವ ಹಸುವೂ ಇದನ್ನು ಒಪ್ಪುವುದಿಲ್ಲ.

ಮಣ್ಣಿನ ದಾರಿಗೆ ವೇಗ ಬೇಡ, ಎಳೆತ ಬೇಕು. ಮುಂದಿನ ಸ್ಪ್ರಾಕೆಟ್ಟಿನಲ್ಲಿ 14 ಹಲ್ಲಿದ್ದುದನ್ನು 13 ಮಾಡಿದರೆ ನೂರಕ್ಕೆ ಸುಮಾರು ಎಂಟರಷ್ಟು ಎಳೆತ ಹೆಚ್ಚುತ್ತದೆ, ಖರ್ಚೂ ಅಲ್ಪ. ಗುಬುಟು ಗುಬುಟಾದ ಹಲ್ಲಿನ ಟೈರುಗಳನ್ನು ಹಾಕಿಸಿ, ಮಣ್ಣಿನಲ್ಲಿ ಗಾಳಿಯನ್ನು 18-20 ಪೌಂಡಿಗೆ ಇಳಿಸಬಹುದು. ಟಾರು ರಸ್ತೆಗೆ ಬಂದಾಗ ಮತ್ತೆ ಏರಿಸಬೇಕು. ಫೋರ್ಕಿನ ಹಳೆಯ ಎಣ್ಣೆಯನ್ನು ಬಸಿದು ಎರಡು ಕಾಲಿಗೂ ಸಮನಾಗಿ ಹೊಸದನ್ನು ಹಾಕಿರಿ. ನಮ್ಮ ತೋಟಗಳಲ್ಲಿ ದೊಡ್ಡ ಶತ್ರು ಬಿದ್ದ ಸೋಗೆ. ಅದರ ಗರಿ ಚೈನಿಗೂ ಹಿಂದಿನ ಚಕ್ರಕ್ಕೂ ಸುತ್ತಿಕೊಂಡು ಉರುಳಿಸಿಬಿಡುತ್ತದೆ. ಆದುದರಿಂದ ಚೈನಿನ ಕವಚವನ್ನು ಅಂದಕ್ಕೆಂದು ತೆಗೆಯಬಾರದು. ಬೇಸಗೆಯ ಕೆಂಧೂಳಿಗೆ ಗಾಳಿಯ ಫಿಲ್ಟರನ್ನು ವಾರಕ್ಕೊಮ್ಮೆ ತೊಳೆಯಬೇಕು. ಧೂಳು ನುಂಗಿದ ಬೋರು ಒಂದೇ ಬೇಸಗೆಯಲ್ಲಿ ಸವೆಯುತ್ತದೆ.

ಎಣ್ಣೆಯ ಲೆಕ್ಕ: ಹಳೆಯ ಜಾವಾ, ಎಜ್ಡಿಗಳಿಗೆ ಇಪ್ಪತ್ತೈದಕ್ಕೆ ಒಂದು, ಅಂದರೆ ಲೀಟರಿಗೆ 40 ಮಿಲಿಲೀಟರು. ಎಣ್ಣೆ ಟೂ ಸ್ಟ್ರೋಕಿನದೇ ಆಗಬೇಕು. ಕಣ್ಣಂದಾಜು ಕೂಡದು, ಔಷಧದ ಅಳತೆಯ ಲೋಟವೊಂದನ್ನು ಇದಕ್ಕೆಂದೇ ಇಟ್ಟುಕೊಳ್ಳಿರಿ. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರವರೆಗೆ ಎಥನಾಲ್ ಬೆರೆತಿರುತ್ತದೆ. ಅದು ತೇವವನ್ನು ಹೀರುತ್ತದೆ, ಹಳೆಯ ರಬ್ಬರನ್ನು ಉಬ್ಬಿಸುತ್ತದೆ, ಮಿಶ್ರಣವನ್ನೂ ತೆಳುಮಾಡುತ್ತದೆ. ಆದುದರಿಂದ ಕಾರ್ಬೊರೇಟರಿನ ಮುಖ್ಯ ಜೆಟ್ಟನ್ನು ಒಂದು ಅಳತೆ ದೊಡ್ಡದಾಗಿ ಹಾಕಿ ನೋಡುವುದು ಯುಕ್ತ. ಹದಿನೈದು ದಿನ ಓಡಿಸದೆ ನಿಲ್ಲಿಸುವುದಾದರೆ ಟ್ಯಾಂಕನ್ನೂ ಕಾರ್ಬೊರೇಟರನ್ನೂ ಬರಿದುಮಾಡಿರಿ.

ಇಳಿಜಾರಿನ ಮಾತೊಂದುಂಟು. ನಾಲ್ಕು ಹೊಡೆತದ ಗಾಡಿಯಲ್ಲಿ ಕಲಿತವರು ಇಳಿಯುವಾಗ ಪೆಟ್ರೋಲು ಮುಚ್ಚಿ ಗೇರಿನಲ್ಲಿಯೇ ಬಿಡುವರು. ಎಣ್ಣೆಯನ್ನು ಪೆಟ್ರೋಲಿನಲ್ಲಿ ಬೆರೆಸುವ ಯಂತ್ರಕ್ಕೆ ಪೆಟ್ರೋಲು ನಿಂತರೆ ಎಣ್ಣೆಯೂ ನಿಂತಂತೆ. ಮದಲಿಂಗನ ಕಣಿವೆಯಂತಹ ಉದ್ದ ಇಳಿತದಲ್ಲಿ ನಡುನಡುವೆ ಕ್ಲಚ್ಚು ಹಿಡಿದು ಒಂದೆರಡು ಸಲ ಪೆಟ್ರೋಲು ಕೊಟ್ಟು ಯಂತ್ರಕ್ಕೆ ಎಣ್ಣೆ ಉಣ್ಣಿಸಬೇಕು. ತಲೆಗೆ ಶಿರಸ್ತ್ರಾಣ, ಕಾಲಿಗೆ ಹರಡು ಮುಚ್ಚುವ ಬೂಟು ಇಲ್ಲದೆ ತೋಟದೊಳಗೂ ಹತ್ತಬಾರದು. ಪಾತಿಯ ಅಂಚಿನಲ್ಲಿ ಹತ್ತು ಮೈಲಿ ವೇಗದಲ್ಲಿ ಬಿದ್ದರೂ ಹರಡು ಮುರಿಯುತ್ತದೆ.

ಹೊಸ ಪಿಸ್ಟನ್ನು ಹಾಕಿಸಿದ್ದರೆ ಮೊದಲ 500 ಕಿಲೋಮೀಟರು ಅರ್ಧಕ್ಕಿಂತ ಹೆಚ್ಚು ಪೆಟ್ರೋಲು ಕೊಡದೆ, ಒಂದೇ ವೇಗದಲ್ಲಿ ಬಹಳ ಹೊತ್ತು ಓಡಿಸದೆ, ನಡುನಡುವೆ ನಿಲ್ಲಿಸಿ ತಣಿಸಬೇಕು. ಮೊದಲ ದಿನ ಯಂತ್ರವು ಬಿಸಿಯಾಗಿ ಪೂರ್ತಿ ತಣಿದ ಮೇಲೆ ಹೆಡ್ಡಿನ ನಟ್ಟುಗಳನ್ನು ಮತ್ತೊಮ್ಮೆ ಬಿಗಿಯಿರಿ. ಎರಡನೆಯ ಟ್ಯಾಂಕು ಮುಗಿಯುತ್ತ ಬಂದಾಗ ಪ್ಲಗ್ಗನ್ನು ಬಿಚ್ಚಿ ನೋಡಿರಿ. ಒಣಕೊಬ್ಬರಿಯ ಹೊರಸಿಪ್ಪೆಯ ಕಂದು ಬಣ್ಣವಿದ್ದರೆ ಸರಿ. ಕಪ್ಪಾಗಿ ಜಿಡ್ಡಾಗಿದ್ದರೆ ಮಿಶ್ರಣ ದಪ್ಪ. ಸುಣ್ಣದಂತೆ ಬೆಳ್ಳಗಿದ್ದರೆ ಅಲ್ಲಿಗೇ ನಿಲ್ಲಿಸಿ, ಸೀಲುಗಳನ್ನೂ ಜೆಟ್ಟನ್ನೂ ಮತ್ತೆ ಪರೀಕ್ಷಿಸುವವರೆಗೆ ಹುಡುಗನ ಕೈಗೆ ಗಾಡಿಯನ್ನು ಕೊಡಬೇಡಿರಿ.